ಹುಲ್ಲುಸಮೇತ ಉಣ್ಣುವ ವಾಚಕರು

ಜಿಲ್ಲೆಯ ಸಾಹಿತ್ಯಸಂಘಗಳ ಮಾಸಿಕ ಗೋಷ್ಠಿಗಳಲ್ಲಿ ಈಚೆಗೆ ಒಂದು ಸಂಪ್ರದಾಯವು ಬೇರೂರಿರುವುದು. ಕಾರ್ಯಕ್ರಮದ ಕೊನೆಯ ಅರ್ಧ ಗಂಟೆಯನ್ನು 'ಇತ್ತೀಚಿನ ಓದು' ಎಂಬುದಕ್ಕೆ ಮೀಸಲಿಡುವರು. ಸದಸ್ಯರು ಒಬ್ಬೊಬ್ಬರಾಗಿ ಎದ್ದು, ತಾವು ಆ ತಿಂಗಳಲ್ಲಿ ಓದಿದ ಗ್ರಂಥಗಳ ಹೆಸರುಗಳನ್ನು ಹೇಳಿ, ಪ್ರತಿಯೊಂದರ ಮೇಲೂ 'ಅತ್ಯುತ್ತಮ', 'ಮನೋಜ್ಞ', 'ಎಲ್ಲರೂ ಓದಲೇಬೇಕಾದುದು' ಎಂಬ ಮೂರು ಮುದ್ರೆಗಳಲ್ಲಿ ಒಂದನ್ನು ಒತ್ತಿ ಕುಳಿತುಕೊಳ್ಳುವರು. ಸಭಿಕರು ಚಪ್ಪಾಳೆ ತಟ್ಟುವರು. ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿಯು ಅಚ್ಚಾಗುವುದು. ಕನ್ನಡಕ್ಕೆ ಮಹೋಪಕಾರವಾಯಿತೆಂದು ಎಲ್ಲರೂ ತೃಪ್ತರಾಗಿ ಮನೆಗೆ ತೆರಳುವರು. ಉಪಕಾರವಾಯಿತೆ? ಈ ಪದ್ಧತಿಯು ಪುಸ್ತಕಗಳಿಗೂ ವಾಚಕರಿಗೂ ಅಪಕಾರವನ್ನೇ ಮಾಡುತ್ತಿರುವುದೆಂಬ ಮಾತು ಕಠೋರವಾಗಿ ಕೇಳಿಸಿದರೂ ಅದನ್ನು ಆಡದೆ ವಿಧಿಯಿಲ್ಲ.

ಓದಿದುದನ್ನು ಇತರರೊಡನೆ ಹಂಚಿಕೊಳ್ಳಬಾರದೆಂದು ಯಾರೂ ಹೇಳುವಂತಿಲ್ಲ. ಒಬ್ಬನೇ ಉಂಡ ಊಟದಂತೆ ಒಬ್ಬನೇ ಓದಿದ ಕಾವ್ಯವೂ ಅರ್ಧರುಚಿಯದು. ಆದರೆ ಪಂಕ್ತಿಯಲ್ಲಿ ಬಡಿಸುವವನಿಗೆ ಒಂದು ಧರ್ಮವುಂಟು. ತಾನು ರುಚಿ ನೋಡದುದನ್ನು ಬಡಿಸಬಾರದು. ರೋಗಿಗೂ ಮಲ್ಲನಿಗೂ ಒಂದೇ ಅಳತೆಯಲ್ಲಿ ಬಡಿಸಬಾರದು. ಹಳಸಿದುದನ್ನು ಮೃಷ್ಟಾನ್ನವೆಂದು ಕೂಗಿ ಹೇಳಬಾರದು. ಈ ಮೂರನ್ನೂ ಪಟ್ಟಿಕಾರರು ನಿತ್ಯವೂ ಮಾಡುತ್ತಿರುವರು.

ಈ ವಿಷಯವನ್ನು ಹಿಂದಿನವರು ಯೋಚಿಸಿಯೇ ಇರಲಿಲ್ಲವೆಂದು ತಿಳಿಯಬಾರದು. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಕನೋಜದ ಪ್ರತೀಹಾರ ದೊರೆಗಳ ಆಶ್ರಯದಲ್ಲಿದ್ದ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಇದಕ್ಕಾಗಿಯೇ ಒಂದು ಪ್ರಕರಣವನ್ನು ಇಟ್ಟಿರುವನು. ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಗ್ರಂಥವಾಗಿ ಅದು 1916ರಲ್ಲಿ ಅಚ್ಚಾಯಿತು. ಪ್ರತಿಭೆಯು ಕವಿಗೆ ಮಾತ್ರ ಬೇಕಾದುದೆಂಬ ಸಾಮಾನ್ಯ ನಂಬಿಕೆಯನ್ನು ಆತನು ಒಪ್ಪುವುದಿಲ್ಲ. ಕಟ್ಟುವ ಪ್ರತಿಭೆಯು ಕಾರಯಿತ್ರಿ; ಅದು ಕವಿಯದು. ಅನುಭವಿಸಿ ಬೆಲೆಕಟ್ಟುವ ಪ್ರತಿಭೆಯು ಭಾವಯಿತ್ರಿ, ಅದು ವಾಚಕನದು. ಎರಡನೆಯದಿಲ್ಲದಿದ್ದರೆ ಕವಿಯ ಶ್ರಮವೆಂಬ ಮರವು ಫಲಿಸುವುದೇ ಇಲ್ಲ. ಇಷ್ಟು ದೊಡ್ಡ ಸ್ಥಾನವನ್ನು ಕೊಟ್ಟ ಮೇಲೆ ಆತನು ವಾಚಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುವನು: ಯಾವುದೂ ರುಚಿಸದ ಅರೋಚಕಿ, ಹುಲ್ಲುಕಡ್ಡಿಗಳ ಸಮೇತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಗುಣವನ್ನು ಕಂಡರೂ ಬಾಯಿ ಬಿಡದ ಮತ್ಸರಿ, ತತ್ತ್ವದಲ್ಲಿಯೇ ಮನಸ್ಸಿಟ್ಟ ತತ್ತ್ವಾಭಿನಿವೇಶಿ. ಕೊನೆಯವನು ಸಾವಿರ ಜನರಲ್ಲಿ ಒಬ್ಬನು ಸಿಕ್ಕಿದರೆ ಸಿಕ್ಕಬಹುದೆಂದು ಆತನ ಎಣಿಕೆ. ಇಂದಿನ ಸಂಘಗಳ ಸದಸ್ಯಸಂಖ್ಯೆಯನ್ನು ನೋಡಿದರೆ ಒಂದು ಜಿಲ್ಲೆಯ ಪಾಲಿಗೆ ಅರ್ಧ ತತ್ತ್ವಾಭಿನಿವೇಶಿಯೂ ಬರಲಾರನು; ಅದು ಹಾಗಿರಲಿ.

ರಾಜಶೇಖರನ ಸೂಕ್ಷ್ಮತೆಯು ಇಲ್ಲಿಗೆ ಮುಗಿಯುವುದಿಲ್ಲ. ಅರೋಚಕತೆಯಲ್ಲಿ ಎರಡು ವಿಧಗಳಿರುವುವು. ಹುಟ್ಟಿನಿಂದ ಬಂದುದು ಒಂದು. ಅದು ತವರದ ಕಪ್ಪಿನಂತೆ, ನೂರು ಸಲ ಪುಟವಿಟ್ಟರೂ ಹೋಗದು. ಜ್ಞಾನದಿಂದ ಬಂದುದು ಇನ್ನೊಂದು. ಅಂಥವನ ಎದುರಿಗೆ ನಿಜವಾಗಿಯೂ ವಿಶೇಷವಾದ ಕೃತಿಯನ್ನಿಟ್ಟರೆ ಅವನ ರುಚಿಯು ತಾನಾಗಿಯೇ ಎಚ್ಚರಗೊಳ್ಳುವುದು. ಸತೃಣಾಭ್ಯವಹಾರವಾದರೋ ಸರ್ವಸಾಧಾರಣವಾದುದು. ಕಲಿಯಬೇಕೆಂಬ ಕುತೂಹಲವುಳ್ಳ ಪ್ರತಿಯೊಬ್ಬನೂ ಮೊದಲು ಅಲ್ಲಿಂದಲೇ ಹೊರಡುವನು, ಏಕೆಂದರೆ ಗುಣದೋಷಗಳ ನಡುವೆ ಗೆರೆ ಎಳೆಯುವ ಶಕ್ತಿಯು ಅವನಲ್ಲಿ ಇನ್ನೂ ಮೂಡಿರುವುದಿಲ್ಲ. ಈ ಮಾತನ್ನು ಗಮನಿಸಿದರೆ, ಹನ್ನೆರಡು ವರ್ಷದ ಹುಡುಗಿಯು ಕೈಗೆ ಸಿಕ್ಕಿದುದನ್ನೆಲ್ಲ ಓದಿ ಎಲ್ಲವೂ ಚೆನ್ನಾಗಿದೆಯೆಂದರೆ ತಪ್ಪೇನೂ ಇಲ್ಲ, ಅದು ವಯೋಧರ್ಮ. ಅರುವತ್ತು ವರ್ಷದ ಸದಸ್ಯನು ವೇದಿಕೆಯ ಮೇಲೆ ನಿಂತು ಅದನ್ನೇ ಹೇಳಿದಾಗ ಮಾತ್ರ ಅನಾಹುತವಾಗುವುದು. ತೊಟ್ಟಿಲನ್ನು ಯಾರೂ ತಪ್ಪೆನ್ನರು, ಆದರೆ ಅದರಲ್ಲಿ ಮಲಗಿಕೊಂಡೇ ಊರಿಗೆ ದಾರಿ ತೋರಿಸಲು ಹೊರಡುವುದನ್ನು ಒಪ್ಪುವುದು ಹೇಗೆ?

ಇದಕ್ಕೆ ಪಟ್ಟಿಕಾರರ ಪಕ್ಷದಿಂದ ಒಂದು ಸಮಾಧಾನವು ಸಿದ್ಧವಾಗಿರುವುದು. ಕನ್ನಡ ಪುಸ್ತಕಗಳು ಮಾರಾಟವಾಗುವುದೇ ಕಷ್ಟ, ಓದುವವರೇ ವಿರಳ, ಇಂಥ ಕಾಲದಲ್ಲಿ ದೋಷಗಳನ್ನು ಎತ್ತಿ ಆಡಿದರೆ ಇರುವ ವಾಚಕನೂ ಓಡಿಹೋಗುವನು, ಆದುದರಿಂದ ಹೊಗಳುವುದೇ ಭಾಷಾಸೇವೆ, ಎಂದು. ಇದು ಕೇಳುವುದಕ್ಕೆ ಹಿತವಾದ ವಾದ. ಪರಿಣಾಮವನ್ನು ನೋಡಿದರೆ ಇದರ ಪೊಳ್ಳು ತಿಳಿಯುವುದು. ಪಟ್ಟಿಯನ್ನು ನಂಬಿ ಒಬ್ಬ ಗೃಹಸ್ಥನು ಮನೆಗೆ ಪುಸ್ತಕವೊಂದನ್ನು ತರುವನು. ಅವನ ಸೊಸೆಯು, ಮನೆಗೆಲಸ ಮುಗಿದ ಮೇಲೆ ದೊರೆಯುವ ಒಂದು ಗಂಟೆಯ ಬಿಡುವಿನಲ್ಲಿ ಅದನ್ನು ತೆರೆಯುವಳು. ನಲವತ್ತು ಪುಟಗಳಾದರೂ ಏನೂ ಹತ್ತುವುದಿಲ್ಲ. ಅವಳು ಪುಸ್ತಕವನ್ನು ಅನುಮಾನಿಸುವಳೆ? ಇಲ್ಲ, ಅಷ್ಟು ದೊಡ್ಡವರೆಲ್ಲ ಅತ್ಯುತ್ತಮವೆಂದಿರುವಾಗ ತನಗೇ ಓದಲು ಬಾರದೆಂದು ತಿಳಿಯುವಳು. ಎರಡನೆಯ ಪುಸ್ತಕವೂ ಹಾಗೆಯೇ ಆಗುವುದು. ಮೂರನೆಯದನ್ನು ಅವಳು ತೆರೆಯುವುದಿಲ್ಲ. ಸಂಘದ ಲೆಕ್ಕದಲ್ಲಿ ಎರಡು ಪ್ರತಿಗಳು ಮಾರಾಟವಾದುವು. ನಿಜದಲ್ಲಿ ಒಬ್ಬ ವಾಚಕಿಯು ಕನ್ನಡಕ್ಕೆ ಶಾಶ್ವತವಾಗಿ ನಷ್ಟವಾದಳು. ಈ ನಷ್ಟವು ಯಾವ ವಾರ್ಷಿಕ ವರದಿಯಲ್ಲಿಯೂ ಕಾಣಿಸುವುದಿಲ್ಲವಾದುದರಿಂದ ಅದಕ್ಕೆ ಹೊಣೆಗಾರರೂ ಇಲ್ಲ.

ಕನ್ನಡಕ್ಕೆ ವಾಚಕರನ್ನು ನಿಜವಾಗಿ ಸಂಪಾದಿಸಿಕೊಟ್ಟವರು ಹೇಗೆ ನಡೆದುಕೊಂಡರು? ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ತಾವೇ ಬರೆದ ಪುಸ್ತಕಗಳ ಹೊರೆಯನ್ನು ಹೊತ್ತು ಊರಿಂದೂರಿಗೆ ಅಲೆದು ಮನೆಮನೆಯ ಬಾಗಿಲಿನಲ್ಲಿ ನಿಂತು ಮಾರಿದರು. 1942ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರನ್ನು ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿಯೂ ಭಕ್ತಿಯಿಂದ ಎತ್ತುವುದುಂಟು. ಆದರೆ ಆ ಹೊರೆಯ ಅರ್ಥವನ್ನು ವಿಚಾರಿಸುವವರು ಕಡಮೆ. ಬಾಗಿಲಿಗೆ ಬಂದು ಪುಸ್ತಕವನ್ನು ಮಾರಿದವನು ಇನ್ನೊಮ್ಮೆ ಅದೇ ಬಾಗಿಲಿಗೆ ಹೋಗಬೇಕಾಗುವುದು. ಹೋದ ಸಲದ ಪುಸ್ತಕವು ಹೇಗಿತ್ತೆಂಬುದನ್ನು ಆ ಮನೆಯವರು ಮುಖಕ್ಕೇ ಹೇಳುವರು. ಅಂಥವನು ಬಾಯಿಗೆ ಬಂದಂತೆ ಹೊಗಳಲಾರನು. ಪಟ್ಟಿಕಾರನಿಗೆ ಈ ಭಯವಿಲ್ಲ. ಅವನ ಪಟ್ಟಿಯನ್ನು ನಂಬಿ ಕೆಟ್ಟವರು ಅವನ ಬಾಗಿಲಿಗೆ ಬರುವುದಿಲ್ಲ.

ಹೊಗಳಿಕೆಯು ಪುಸ್ತಕವನ್ನು ನೋಡಿ ಹುಟ್ಟುವುದಕ್ಕಿಂತ ಹೆಸರನ್ನು ನೋಡಿ ಹುಟ್ಟುವುದೇ ಹೆಚ್ಚು. ಈ ರೋಗವು ಹೊಸದಲ್ಲ; ಅದಕ್ಕೆ ಬಲಿಯಾದವರಲ್ಲಿ ನಂದಳಿಕೆಯ ಲಕ್ಷ್ಮೀನಾರಣಪ್ಪನ ಹೆಸರನ್ನು ಕನ್ನಡಿಗರು ಮರೆಯಬಾರದು. ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಈ ಬಡ ತರುಣನೇ ಮುದ್ದಣ. ತನ್ನ 'ರಾಮಾಶ್ವಮೇಧ'ವನ್ನು ಆತನು ತನ್ನದೆಂದು ಹೇಳದೆ, ಯಾವನೋ ಪ್ರಾಚೀನ ಕವಿಯದೆಂಬ ನೆಪದಲ್ಲಿ ಮೈಸೂರಿನ ಕಾವ್ಯಪ್ರಕಾಶಕರಿಗೆ ಕಳುಹಿಸಿದನು. ಹೊಸಬನೊಬ್ಬನು ಬರೆದುದೆಂದರೆ ಯಾರು ಓದುವರೆಂಬ ಅಳುಕು ಅವನಿಗಿದ್ದಿರಬೇಕು. ಹಳೆಯದೆಂಬ ಹೆಸರಿನಿಂದ ಅದಕ್ಕೆ ಪುರಸ್ಕಾರವು ದೊರೆಯಿತು. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಆತನು ಕ್ಷಯದಿಂದ ತೀರಿಕೊಂಡನು. ಕರ್ತೃತ್ವದ ನಿಜವು ಲೋಕಕ್ಕೆ ಚೆನ್ನಾಗಿ ತಿಳಿದುದು ಕಾಲಾನಂತರದಲ್ಲಿ. ಅದೇ ಅಕ್ಷರಗಳು, ಅದೇ ವಾಕ್ಯಗಳು. ಹೆಸರು ಬೇರೆಯಾದರೆ ಬೆಲೆಯು ಬೇರೆಯಾಗುವುದೆಂದು ಒಬ್ಬ ಮಹಾಪ್ರತಿಭಾವಂತನೇ ನಂಬಬೇಕಾಯಿತೆಂದರೆ ಆ ಕಾಲದ ವಾಚಕಮಂಡಲಿಯ ಮೇಲೆ ಇದಕ್ಕಿಂತ ದೊಡ್ಡ ಆರೋಪಣೆ ಬೇಕೆ? ಇಂದಿನ ಗೋಷ್ಠಿಗಳಲ್ಲಿ ಪ್ರಶಸ್ತಿಯ ಹೆಸರು ಹೇಳಿದೊಡನೆ ತಲೆದೂಗುವವರು ಆ ಮಂಡಲಿಯ ಔರಸ ಸಂತಾನವೇ ಸರಿ.

ವಿಚಿತ್ರವೇನೆಂದರೆ, ಒಳ್ಳೆಯ ವಾಚಕಿಯು ಹೇಗಿರಬೇಕೆಂಬುದನ್ನು ಮುದ್ದಣನು ಅದೇ ಗ್ರಂಥದೊಳಗೆ ಬರೆದಿಟ್ಟಿರುವನು. ಮಳೆಗಾಲದ ಬೇಸರವನ್ನು ಕಳೆಯಲು ಗಂಡನಿಂದ ಕಥೆಯನ್ನು ಬೇಡುವ ಮನೋರಮೆಯು ಯಾವ ಕಥೆಯನ್ನಾದರೂ ಹೇಳೆಂದು ಸುಮ್ಮನಾಗುವವಳಲ್ಲ. ಒಂದೊಂದನ್ನೇ ಬೇಡವೆಂದು ತಳ್ಳುವಳು. ಪದ್ಯವೊ ಗದ್ಯವೊ ಎಂಬುದನ್ನು ತಾನೇ ನಿಶ್ಚಯಿಸುವಳು. ಸಂಸ್ಕೃತದ ಮಾತುಗಳು ಮೇರೆಮೀರಿದರೆ ತಡೆಯುವಳು. ನಡುನಡುವೆ ಕಥೆಯನ್ನು ನಿಲ್ಲಿಸಿ ಪ್ರಶ್ನೆಮಾಡುವಳು, ಹಾಸ್ಯಮಾಡುವಳು. ಕವಿಗೂ ಅವಳಲ್ಲಿ ಅಪಾರ ಪ್ರೀತಿ. ಅವಳ ಆಕ್ಷೇಪಣೆಗಳಿಂದ ರಾಮಾಶ್ವಮೇಧದ ಘನತೆಗೆ ಕುಂದು ಬಂದಿತೆಂದು ಯಾರೂ ಹೇಳಿದುದು ಕೇಳಿಲ್ಲ. ಮಾಸಿಕ ಗೋಷ್ಠಿಯಲ್ಲಿ ಒಬ್ಬ ಮನೋರಮೆಯು ಎದ್ದು "ಇದು ನನಗೇಕೆ?" ಎಂದು ಕೇಳಿದರೆ ಅಧ್ಯಕ್ಷರು ಗಂಟೆಯನ್ನು ಬಾರಿಸದಿದ್ದರೆ ಪುಣ್ಯ.

ಓದನ್ನು ಹಂಚುವ ಕ್ರಮವು ಕನ್ನಡನಾಡಿಗೆ ಪರಕೀಯವೂ ಅಲ್ಲ, ನೂತನವೂ ಅಲ್ಲ. ಗದುಗಿನ ಭಾರತವೂ ಜೈಮಿನಿ ಭಾರತವೂ ಅಕ್ಷರವರಿಯದವರ ನಾಲಗೆಗೂ ಏರಿದುದು ಯಾರ ಪಟ್ಟಿಯಿಂದಲೂ ಅಲ್ಲ. ಗುಡಿಯ ಜಗುಲಿಯಲ್ಲಿಯೋ ದೊಡ್ಡ ಮನೆಯ ಪಡಸಾಲೆಯಲ್ಲಿಯೋ ಗಮಕಿಯು ಗ್ರಂಥವನ್ನು ಬಿಚ್ಚಿ ಹಾಡುವನು. ಪಕ್ಕದಲ್ಲಿ ಕುಳಿತವನು ಅರ್ಥವನ್ನು ವಿವರಿಸುವನು. ಇದು ಶ್ರೇಷ್ಠವಾದುದು, ಕೇಳಿರಿ ಎಂಬ ಪೀಠಿಕೆಯ ಅವಶ್ಯಕತೆಯೇ ಇರಲಿಲ್ಲ. ವಸ್ತುವು ಎದುರಿಗೇ ಇರುತ್ತಿದ್ದಿತು. ಕೇಳುವವರು ಎಲ್ಲಿ ತೂಕಡಿಸಿದರು, ಎಲ್ಲಿ ಕಣ್ಣೊರಸಿಕೊಂಡರು, ಯಾವ ಪದ್ಯವನ್ನು ಇನ್ನೊಮ್ಮೆ ಹಾಡಿಸಿದರು ಎಂಬುದೇ ವಿಮರ್ಶೆ. ಕವಿರಾಜಮಾರ್ಗಕಾರನು ಕನ್ನಡ ಜನರ ಸಹಜವಾದ ಕಾವ್ಯಬುದ್ಧಿಯನ್ನು ಕೊಂಡಾಡಿದುದು ಇಂಥ ಕಿವಿಗಳನ್ನು ಕಂಡೇ ಇರಬೇಕು. (ಆ ಮಾತನ್ನು ಈಗ ಓದದೆ ಇರುವುದಕ್ಕೆ ಅಪ್ಪಣೆಚೀಟಿಯಂತೆ ಬಳಸುವವರಿರುವರು, ಅವರ ಗೊಡವೆ ಇಲ್ಲಿ ಬೇಡ.)

ಹಾಗಾದರೆ ಸದಸ್ಯರು ಮಾಡತಕ್ಕುದೇನು? ಮೊದಲನೆಯದಾಗಿ, ಹತ್ತು ಹೆಸರುಗಳನ್ನು ಬಿಟ್ಟು ಒಂದೇ ಪುಸ್ತಕವನ್ನು ಹಿಡಿಯಬೇಕು. ವರ್ಷಕ್ಕೆ ಐವತ್ತು ಓದಿದೆನೆಂದು ಎಣಿಸುವುದು ಬತ್ತದ ಮೂಟೆಗಳ ಲೆಕ್ಕಕ್ಕೆ ಸಲ್ಲುವ ಮಾತು. ಮನೆಮನೆಗಳಲ್ಲಿ ಗ್ರಂಥಗಳಾಗಿ ಬಿದ್ದಿರುವ ಕಾವ್ಯಗಳು ಎಷ್ಟಿದ್ದರೇನು, ರಸಿಕನ ಮನಸ್ಸಿನಲ್ಲಿ ಕಲ್ಲಿನಲ್ಲಿ ಕೆತ್ತಿದಂತೆ ನಿಲ್ಲುವುವು ಎರಡೊ ಮೂರೊ ಎಂಬರ್ಥದ ಮಾತು ರಾಜಶೇಖರನಲ್ಲಿಯೇ ಬರುವುದು. ಹಿಡಿದ ಪುಸ್ತಕದ ಒಂದು ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ವಿಶೇಷಣಗಳು ಸುಳ್ಳು ಹೇಳಬಲ್ಲುವು; ಗಟ್ಟಿಯಾಗಿ ಓದಿದ ಪುಟವು ಸುಳ್ಳು ಹೇಳಲಾರದು. ಓದುಗನಿಗೆ ಎಲ್ಲಿ ಬೇಸರವಾಯಿತು, ಯಾರಿಗೆ ಇದು ಹಿಡಿಸೀತು, ಯಾರಿಗೆ ಹಿಡಿಸದು ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಎಂಬ ಕಾದಂಬರಿಯನ್ನೇ ತೆಗೆದುಕೊಳ್ಳಬಹುದು. 1941ರ ಈ ಕೃತಿಯನ್ನು 'ಮೇರುಕೃತಿ' ಎಂದು ಹೇಳಿ ಕುಳಿತುಕೊಳ್ಳುವುದು ಸುಲಭ. ಹಾಗೆ ಹೇಳಿಸಿಕೊಂಡೇ ಅದು ಎಷ್ಟೋ ಮನೆಗಳ ಕಪಾಟಿನಲ್ಲಿ ಧೂಳು ತಿನ್ನುತ್ತಿರುವುದು. ಅದರ ಬದಲು ಹೀಗೆ ಹೇಳಿದರೆ ಹೇಗೆ? ಇದು ಕರಾವಳಿಯ ಒಂದು ಬ್ರಾಹ್ಮಣ ಕುಟುಂಬದ ಮೂರು ತಲೆಮಾರುಗಳ ಕಥೆ. ನಡಗೆ ನಿಧಾನ, ಮೊದಲ ನೂರು ಪುಟಗಳಲ್ಲಿ ಮಳೆ, ಕಡಲು, ಗದ್ದೆ, ಉಪ್ಪಿನಕಾಯಿಗಳ ಹೊರತು ಏನೂ ನಡೆಯುವುದಿಲ್ಲವೆಂದು ಅವಸರದವರಿಗೆ ತೋರುವುದು. ಅಂಥವರು ಇದನ್ನು ಈಗ ಮುಟ್ಟದಿರುವುದು ಲೇಸು. ಆದರೆ ಮನೆಯನ್ನು ಕಟ್ಟಿದವರು ಯಾರು, ಹೆಸರು ಪಡೆದವರು ಯಾರು ಎಂಬ ಪ್ರಶ್ನೆಯು ಯಾವ ಹೆಂಗಸಿನ ಮನಸ್ಸಿನಲ್ಲಾದರೂ ಒಂದು ಸಲ ಸುಳಿದಿದ್ದರೆ, ರಾಮ ಐತಾಳರ ಹೆಂಡತಿ ಪಾರೋತಿಯೂ ವಿಧವೆ ತಂಗಿ ಸರಸೋತಿಯೂ ಗಾಣದ ಎತ್ತುಗಳಂತೆ ದುಡಿಯುವುದನ್ನು ಓದುವಾಗ ಅವಳು ಪುಸ್ತಕವನ್ನು ಕೆಳಗಿಡಲಾರಳು. ಇಂಗ್ಲಿಷ್ ವಿದ್ಯೆಗೆಂದು ಹೋಗಿ ಕೆಟ್ಟ ಲಚ್ಚನ ಭಾಗದಲ್ಲಿ ಕೆಲವರಿಗೆ ಕೋಪ ಬರುವುದು. ಅವನ ಹೆಂಡತಿ ನಾಗವೇಣಿಯ ಭಾಗದಲ್ಲಿ ಆ ಕೋಪವು ಇನ್ನೇನೋ ಆಗಿ ಮಾರ್ಪಡುವುದು. ಇಷ್ಟು ಹೇಳಿದರೆ ಸಾಕು. ಇಪ್ಪತ್ತು ಜನರ ಸಭೆಯಲ್ಲಿ ಹದಿನೇಳು ಜನ ಅದನ್ನು ಬಿಟ್ಟುಬಿಡಬಹುದು. ಉಳಿದ ಮೂವರು ಕೊನೆಯ ಪುಟದವರೆಗೆ ಓದುವರು, ನಾಲ್ಕನೆಯವರಿಗೆ ಹೇಳುವರು.

ದೋಷವನ್ನು ಹೇಳುವುದು ಮತ್ಸರವೆಂಬ ಭಯವು ಇನ್ನೂ ಕೆಲವರಿಗಿರುವುದು. ಮತ್ಸರಿಯ ಲಕ್ಷಣವು ದೋಷವನ್ನು ಹೇಳುವುದರಲ್ಲಿಲ್ಲ, ಕಂಡ ಗುಣವನ್ನು ಬಚ್ಚಿಡುವುದರಲ್ಲಿರುವುದು. ಆ ಮಾತಿಗೆ ಬಂದರೆ, ತನ್ನ ಊರಿನ ಹೊಸ ಲೇಖಕನ ಒಳ್ಳೆಯ ಪುಸ್ತಕವನ್ನು ಓದಿಯೂ ಪಟ್ಟಿಯಲ್ಲಿ ಸೇರಿಸದೆ, ದೂರದ ಖ್ಯಾತನಾಮರನ್ನು ಮಾತ್ರ ಹೊಗಳುವ ಪಟ್ಟಿಕಾರರೇ ಆ ವರ್ಗಕ್ಕೆ ಹತ್ತಿರದವರು. ಹುಲ್ಲನ್ನು ತಿನ್ನುವ ಬಾಯಿಯೂ ಗುಣವನ್ನು ನುಂಗುವ ಬಾಯಿಯೂ ಒಂದೇ ಮುಖದಲ್ಲಿರಬಹುದೆಂಬುದನ್ನು ರಾಜಶೇಖರನು ಊಹಿಸಿದಂತಿಲ್ಲ.

ಇನ್ನು, ಹೊಗಳಿದ ಪುಸ್ತಕವನ್ನು ಹೊಗಳಿದವನೇ ಸಭೆಗೆ ತಂದು, ಬೇಕೆಂದವರ ಕೈಗೆ ಒಂದು ತಿಂಗಳ ಮಟ್ಟಿಗೆ ಕೊಡುವಂತಾದರೆ ಬಾಯಿಮಾತಿನ ಹೊಗಳಿಕೆಗಳು ಒಂದೇ ಋತುವಿನಲ್ಲಿ ಅರ್ಧಕ್ಕೆ ಇಳಿಯುವುವು. ಕೊಟ್ಟ ಪುಸ್ತಕವು ಹಿಂದಿರುಗುವುದಿಲ್ಲವೆಂದು ಈ ಸಲಹೆಗೆ ಆಕ್ಷೇಪಣೆಯು ಬಂದೇ ಬರುವುದು. ನಿಜ, ಕೆಲವು ಹಿಂದಿರುಗುವುದಿಲ್ಲ. ಅಂಥವುಗಳ ಹೆಸರನ್ನು ಕಾರ್ಯದರ್ಶಿಗಳು ಒಂದು ಪುಸ್ತಕದಲ್ಲಿ ಬರೆದಿಡಲಿ. ವರ್ಷದ ಕೊನೆಯಲ್ಲಿ ಸಂಚಿಕೆಯಲ್ಲಿ ಪಟ್ಟಿಯನ್ನು ಅಚ್ಚುಮಾಡಲೇಬೇಕೆಂದಿದ್ದರೆ, ಅದನ್ನೇ ಅಚ್ಚುಮಾಡಬಹುದು.