ಪವಾಯಿಯ ಪದವಿ, ಪಣಜಿಯ ಲೆಕ್ಕಾಚಾರ

ಮುಂಬೈನ ಪವಾಯಿಯ ಐಐಟಿಯಿಂದ 1978ರಲ್ಲಿ ಪದವಿ ಪಡೆದು ಹೊರಬಿದ್ದವರಲ್ಲಿ ಇಬ್ಬರು ಕರ್ನಾಟಕಕ್ಕೆ ಚೆನ್ನಾಗಿ ಪರಿಚಿತರು. ಎಲೆಕ್ಟ್ರಿಕಲ್ ಓದಿದ ನಂದನ್ ನಿಲೇಕಣಿ ಇನ್ಫೊಸಿಸ್ ಕಟ್ಟಿದವರಲ್ಲಿ ಒಬ್ಬರು, ಆಧಾರ್ ಯೋಜನೆಯ ರೂವಾರಿ. 2014ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಸ್ಪರ್ಧಿಸಿ ಅನಂತಕುಮಾರ್ ಎದುರು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಮೆಟಲರ್ಜಿ ಓದಿದ ಮನೋಹರ್ ಪರ್ರೀಕರ್ ದೊಡ್ಡ ಕಂಪನಿಯನ್ನೇನೂ ಕಟ್ಟಲಿಲ್ಲ. ಆದರೆ ನಾಲ್ಕು ಬಾರಿ ಗೋವಾದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು, ನಡುವೆ ಎರಡು ವರ್ಷಕ್ಕೂ ಹೆಚ್ಚು ಕಾಲ ದೇಶದ ರಕ್ಷಣಾ ಸಚಿವರಾಗಿದ್ದರು. 2019ರ ಮಾರ್ಚ್ 17ರಂದು ಕ್ಯಾನ್ಸರ್‌ಗೆ ಬಲಿಯಾದಾಗಲೂ ಅವರು ಮುಖ್ಯಮಂತ್ರಿಯೇ.

ನಮ್ಮ ಮಧ್ಯಮ ವರ್ಗಕ್ಕೆ ಪರ್ರೀಕರ್ ಎಂದರೆ ‘ಐಐಟಿ ಮುಖ್ಯಮಂತ್ರಿ’. ಅರ್ಧ ತೋಳಿನ ಶರ್ಟು, ಕಾಲಿಗೆ ಸಾದಾ ಚಪ್ಪಲಿ, ಕೈಯಲ್ಲಿ ಕಡತ. ಓದಿದವರು ರಾಜಕೀಯಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಹಳೆಯ ಆಸೆಗೆ ಅವರು ಒದಗಿಬಂದ ಸಾಕ್ಷಿ. ನನಗೆ ಈ ಚಿತ್ರದ ಮೇಲೆ ಅಷ್ಟು ನಂಬಿಕೆ ಇಲ್ಲ. ಅವರ ಸರಳತೆಯಾಗಲಿ, ಹೊತ್ತುಗೊತ್ತಿಲ್ಲದ ದುಡಿಮೆಯಾಗಲಿ ಸುಳ್ಳಲ್ಲ. ಆದರೆ ನಿರ್ಣಾಯಕ ಗಳಿಗೆಗಳಲ್ಲಿ ಅವರ ಕೈಹಿಡಿದದ್ದು ಎಂಜಿನಿಯರಿಂಗ್ ಅಲ್ಲ, ಅಪ್ಪಟ ರಾಜಕೀಯ ಲೆಕ್ಕಾಚಾರ.

ಅದನ್ನು ಅವರು ಕಲಿತದ್ದು ಬೇರೆ ಶಾಲೆಯಲ್ಲಿ. 1955ರಲ್ಲಿ ಮಾಪುಸಾದಲ್ಲಿ ಹುಟ್ಟಿ, ಮಡಗಾಂವ್‌ನ ಲೊಯೊಲಾ ಶಾಲೆಯಲ್ಲಿ ಓದಿದ ಹುಡುಗ ಎಳವೆಯಲ್ಲೇ ಆರೆಸ್ಸೆಸ್ ಶಾಖೆಗೆ ಹೋಗತೊಡಗಿದ್ದ. ಆ ಬ್ಯಾಚಿನವರು ಪವಾಯಿಯಲ್ಲಿದ್ದಾಗಲೇ ತುರ್ತುಪರಿಸ್ಥಿತಿ ಬಂದು ಹೋಯಿತು. ಪದವಿ ಮುಗಿಸಿ ಊರಿಗೆ ಮರಳಿದ ಪರ್ರೀಕರ್ ಸಣ್ಣ ಉದ್ಯಮವೊಂದನ್ನು ನಡೆಸುತ್ತಲೇ 26ನೇ ವಯಸ್ಸಿಗೆ ಮಾಪುಸಾದ ಸಂಘಚಾಲಕರಾದರು. ಉತ್ತರ ಗೋವಾದಲ್ಲಿ ರಾಮಜನ್ಮಭೂಮಿ ಚಳವಳಿಯನ್ನು ಸಂಘಟಿಸಿದವರಲ್ಲಿ ಅವರು ಮುಂಚೂಣಿಯಲ್ಲಿದ್ದರು. ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷದ ಹಿಂದೂ ಮತಗಳನ್ನು ಬಿಜೆಪಿಗೆ ತಿರುಗಿಸುವುದು ಸಂಘ ಅವರಿಗೆ ವಹಿಸಿದ ಕೆಲಸವಾಗಿತ್ತು. 1994ರಲ್ಲಿ ಪಣಜಿಯಿಂದ ಶಾಸಕರಾದರು, ಆರೇ ವರ್ಷಕ್ಕೆ ಮುಖ್ಯಮಂತ್ರಿ. ರಕ್ಷಣಾ ಸಚಿವರಾದ ಮೇಲೂ ಈ ಬೇರನ್ನು ಅವರು ಮುಚ್ಚಿಡಲಿಲ್ಲ. 2016ರ ಸರ್ಜಿಕಲ್ ದಾಳಿಯ ನಿರ್ಧಾರದ ಹಿಂದೆ ಸಂಘದ ಬೋಧನೆ ಇದ್ದಿರಬಹುದೆಂದು ಅಹಮದಾಬಾದಿನ ಸಭೆಯೊಂದರಲ್ಲಿ ಹೇಳಿ ಟೀಕೆಗೆ ಗುರಿಯಾದರು. ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ ಎಂದು ದೇಶ ತನ್ನ ಕೈಯನ್ನು ತಾನೇ ಏಕೆ ಕಟ್ಟಿಕೊಳ್ಳಬೇಕು ಎಂದು ಕೇಳಿ, ಅದು ತಮ್ಮ ವೈಯಕ್ತಿಕ ಅಭಿಪ್ರಾಯ ಎಂದು ಸಮಜಾಯಿಷಿಯನ್ನೂ ಕೊಟ್ಟರು.

ರಕ್ಷಣಾ ಸಚಿವರಾಗಿ ಬೆಂಗಳೂರಿನ ಮಟ್ಟಿಗೆ ಅವರು ಮಾಡಿದ ಒಂದು ಕೆಲಸ ಎದ್ದು ಕಾಣುತ್ತದೆ. ತೇಜಸ್ ಯುದ್ಧವಿಮಾನ ಇನ್ನೂ ಸುಧಾರಿಸಲಿ ಎಂದು ವಾಯುಪಡೆ ಕಾಯುತ್ತಿತ್ತು, ಆದೇಶ ಬಂದರಷ್ಟೇ ಮುಂದಿನ ಹೆಜ್ಜೆ ಎಂದು ಎಚ್‌ಎಎಲ್ ಕಾಯುತ್ತಿತ್ತು. ನಡುವಿನ ದಾರಿಯಾಗಿ ಮಾರ್ಕ್-1ಎ ಮಾದರಿಗೆ ಎರಡೂ ಕಡೆಯನ್ನು ಒಪ್ಪಿಸಲಾಯಿತು, 2016ರ ನವೆಂಬರ್‌ನಲ್ಲಿ 83 ವಿಮಾನಗಳ ಖರೀದಿಗೆ ಅನುಮೋದನೆ ಸಿಕ್ಕಿತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರಲ್ಲಿ, ಅವರು ತೀರಿಕೊಂಡ ಮೇಲೆ. ಎಂಜಿನಿಯರ್ ಮಂತ್ರಿಯ ಗುಣ ಎನ್ನುವುದು ಎಲ್ಲಾದರೂ ಇದ್ದರೆ ಅದು ಇಲ್ಲಿದೆ. ರಫೇಲ್ ವಿಷಯದಲ್ಲಿ ಮಾತ್ರ ಈ ಮಾತು ಹೇಳುವಂತಿಲ್ಲ. 36 ವಿಮಾನಗಳ ಘೋಷಣೆ 2015ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಪ್ರಧಾನಿಯವರ ಬಾಯಿಂದಲೇ ಬಂತು. ರಕ್ಷಣಾ ಸಚಿವರು ಅದನ್ನು ಸಮರ್ಥಿಸುವ ಸರದಿಯಲ್ಲಿ ನಿಂತರು.

ಗೋವಾದೊಳಗಿನ ರಾಜಕಾರಣಕ್ಕೆ ಬಂದರೆ ಚಿತ್ರ ಇನ್ನಷ್ಟು ಸಂಕೀರ್ಣ. 2012ರಲ್ಲಿ 40 ಸ್ಥಾನಗಳ ವಿಧಾನಸಭೆಯಲ್ಲಿ ಬಿಜೆಪಿಗೆ 21 ಸ್ಥಾನ ತಂದುಕೊಟ್ಟ ಪರ್ರೀಕರ್, ಕ್ಯಾಥೊಲಿಕ್ ಅಭ್ಯರ್ಥಿಗಳನ್ನೂ ನಿಲ್ಲಿಸಿ ಗೆಲ್ಲಿಸಿದರು. ಅಧಿಕಾರಕ್ಕೆ ಬರುತ್ತಲೇ ಪೆಟ್ರೋಲ್ ಮೇಲಿನ ವ್ಯಾಟ್ ಇಳಿಸಿ ಲೀಟರಿಗೆ ಸುಮಾರು 11 ರೂಪಾಯಿ ಕಡಿಮೆ ಮಾಡಿದರು. ಗೃಹಿಣಿಯರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವ ‘ಗೃಹ ಆಧಾರ್’ ತಂದರು. ಕರ್ನಾಟಕದ ಗೃಹಲಕ್ಷ್ಮಿಗಿಂತ ಹತ್ತು ವರ್ಷ ಮೊದಲಿನ ಮಾತು ಇದು. ಗ್ಯಾರಂಟಿಗಳೆಂದರೆ ಬೊಕ್ಕಸ ಬರಿದು ಮಾಡುವ ಬಿಟ್ಟಿ ಭಾಗ್ಯ ಎಂದು ಮೂಗು ಮುರಿಯುವ ನಮ್ಮ ನಗರವಾಸಿ ಮಿತ್ರರು, ತಾವು ಮೆಚ್ಚುವ ಈ ಐಐಟಿ ಪದವೀಧರನ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಗಣಿಯ ಕಥೆ ಬಳ್ಳಾರಿಯನ್ನು ಕಂಡ ನಮಗೆ ಬೇಗ ಅರ್ಥವಾಗುತ್ತದೆ. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಕರ್ನಾಟಕವನ್ನು ಅಲುಗಾಡಿಸಿದ 2011ರಲ್ಲೇ, ಗೋವಾದ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾಗಿದ್ದ ಪರ್ರೀಕರ್ ಅಕ್ರಮ ಗಣಿಗಾರಿಕೆಯ ವರದಿ ಸಿದ್ಧಪಡಿಸಿದ್ದರು. ಅದು ಅವರನ್ನು ಅಧಿಕಾರಕ್ಕೆ ತಂದ ಅಸ್ತ್ರಗಳಲ್ಲೊಂದು. ಮುಖ್ಯಮಂತ್ರಿಯಾದ ಮೇಲೆ, ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ಶಾ ಆಯೋಗದ ವರದಿ ಬಂದಾಗ, 2012ರ ಸೆಪ್ಟೆಂಬರ್‌ನಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿದರು. ಆ ತನಕ ಸರಿ. ಆದರೆ ಲೂಟಿಯಾದದ್ದನ್ನು ವಸೂಲು ಮಾಡುವ ಕೆಲಸ ಅದೇ ವೇಗದಲ್ಲಿ ನಡೆಯಲಿಲ್ಲ. ಕರ್ನಾಟಕದಲ್ಲಿ ರದ್ದಾದ ಗಣಿಗಳು ಹರಾಜಿಗೆ ಬಂದವು. ಗೋವಾ ಸರ್ಕಾರ 2014–15ರಲ್ಲಿ ಹಳೆಯ ಗುತ್ತಿಗೆಗಳನ್ನೇ ನವೀಕರಿಸಿತು. ಆ 88 ಗುತ್ತಿಗೆಗಳನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ರದ್ದು ಮಾಡಿತು.

ಶಿಕ್ಷಣ ಮಾಧ್ಯಮದ ವಿಷಯದಲ್ಲೂ ಹಾಗೇ. ವಿರೋಧ ಪಕ್ಷದಲ್ಲಿದ್ದಾಗ ಕೊಂಕಣಿ–ಮರಾಠಿ ಪ್ರಾಥಮಿಕ ಶಿಕ್ಷಣದ ಪರ ಚಳವಳಿಗೆ ಬೆಂಬಲ, ಅಧಿಕಾರಕ್ಕೆ ಬಂದ ಮೇಲೆ ಚರ್ಚ್ ಆಡಳಿತದ ಇಂಗ್ಲಿಷ್ ಶಾಲೆಗಳಿಗೆ ಅನುದಾನದ ಮುಂದುವರಿಕೆ. ಸಂಘದ ಗೋವಾ ಮುಖ್ಯಸ್ಥ ಸುಭಾಷ್ ವೆಲಿಂಗ್‌ಕರ್ ಸಿಡಿದೆದ್ದರು, 2016ರಲ್ಲಿ ಸಂಘ ಅವರನ್ನೇ ಹುದ್ದೆಯಿಂದ ಇಳಿಸಿತು.

2017ರ ಫಲಿತಾಂಶದಲ್ಲಿ ಕಾಂಗ್ರೆಸ್‌ಗೆ 17, ಬಿಜೆಪಿಗೆ 13. ಪರ್ರೀಕರ್ ರಕ್ಷಣಾ ಖಾತೆ ಬಿಟ್ಟು ಬಂದು, ತಮ್ಮನ್ನು ವಿರೋಧಿಸಿಯೇ ಗೆದ್ದ ಗೋವಾ ಫಾರ್ವರ್ಡ್‌ನವರನ್ನೂ, ಗೋಮಾಂತಕ ಪಕ್ಷವನ್ನೂ, ಪಕ್ಷೇತರರನ್ನೂ ಸೇರಿಸಿಕೊಂಡು 22 ಮತಗಳಿಂದ ವಿಶ್ವಾಸಮತ ಗೆದ್ದರು. ಹೆಚ್ಚು ಸ್ಥಾನ ಯಾರಿಗೆ ಎನ್ನುವುದಲ್ಲ, ಬಹುಮತ ಯಾರ ಬಳಿ ಎನ್ನುವುದೇ ಮುಖ್ಯ ಎಂಬುದು ಆಗ ಬಿಜೆಪಿಯ ವಾದ. ಮರುವರ್ಷ ಕರ್ನಾಟಕದಲ್ಲಿ ಕಾಂಗ್ರೆಸ್–ಜೆಡಿಎಸ್ ಅದೇ ವಾದವನ್ನು ಹಿಡಿದುಕೊಂಡು ಬಂದಾಗ, 104 ಸ್ಥಾನಗಳ ಅತಿದೊಡ್ಡ ಪಕ್ಷಕ್ಕೇ ಮೊದಲ ಅವಕಾಶ ಎಂದಿತು ಅದೇ ಬಿಜೆಪಿ. ಪಣಜಿಯ ಸೂತ್ರ ಬೆಂಗಳೂರಿಗೆ ಬರುವಷ್ಟರಲ್ಲಿ ತಲೆಕೆಳಗಾಗಿತ್ತು.

ಕನ್ನಡಿಗರಿಗೆ ಪರ್ರೀಕರ್ ಹೆಸರು ಕೇಳಿದೊಡನೆ ನೆನಪಾಗುವುದು ಮಾತ್ರ ಮಹದಾಯಿ ನದಿ ನೀರಿನ ವಿವಾದ. ಕಳಸಾ–ಬಂಡೂರಿ ಯೋಜನೆಗೆ 7.56 ಟಿಎಂಸಿ ಅಡಿ ನೀರು ಬೇಕೆಂದು ಕರ್ನಾಟಕ ಕೇಳಿದ್ದನ್ನು ನ್ಯಾಯಮಂಡಳಿ 2016ರ ಜುಲೈನಲ್ಲಿ ತಳ್ಳಿಹಾಕಿದಾಗ ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದರು. ಯಮನೂರಿನಲ್ಲಿ ಪೊಲೀಸರು ಮನೆಮನೆಗೆ ನುಗ್ಗಿ ಹೊಡೆದ ದೃಶ್ಯಗಳನ್ನು ರಾಜ್ಯ ಇನ್ನೂ ಮರೆತಿಲ್ಲ. ಹೀಗಿರುವಾಗ 2017ರ ಡಿಸೆಂಬರ್ 21ರಂದು, ಕರ್ನಾಟಕದ ವಿಧಾನಸಭಾ ಚುನಾವಣೆಗೆ ಐದು ತಿಂಗಳಿಗೂ ಕಡಿಮೆ ಇದ್ದಾಗ, ಪರ್ರೀಕರ್ ಪತ್ರವೊಂದನ್ನು ಬರೆದರು. ಬರ ಪೀಡಿತ ಪ್ರದೇಶದ ಕುಡಿಯುವ ನೀರಿಗೆ ಗೋವಾದ ತಾತ್ವಿಕ ವಿರೋಧವಿಲ್ಲ, ನ್ಯಾಯಯುತ ಪ್ರಮಾಣದ ಬಗ್ಗೆ ಮಾತುಕತೆಗೆ ಸಿದ್ಧ ಎಂಬುದು ಅದರ ಸಾರ. ಪತ್ರ ಹೋದದ್ದು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗಲ್ಲ, ರಾಜ್ಯ ಬಿಜೆಪಿ ಅಧ್ಯಕ್ಷ ಯಡಿಯೂರಪ್ಪನವರಿಗೆ. ಅವರು ಅದನ್ನು ಹುಬ್ಬಳ್ಳಿಯ ಪರಿವರ್ತನಾ ಯಾತ್ರೆಯ ವೇದಿಕೆಯಲ್ಲೇ ಓದಿದರು. ಎರಡು ದಿನ ಕಳೆಯುವಷ್ಟರಲ್ಲಿ ರೈತರು ಬೆಂಗಳೂರಿನ ಬಿಜೆಪಿ ಕಚೇರಿಯ ಮುಂದೆ ಧರಣಿ ಕೂತಿದ್ದರು.

ಪತ್ರದಲ್ಲಿದ್ದ ಮಾತು ತಪ್ಪಲ್ಲ. ನಿಜ ಹೇಳಬೇಕೆಂದರೆ, ಮಹದಾಯಿ ಬಗ್ಗೆ ಗೋವಾದ ನಾಯಕರೊಬ್ಬರು ಆಡಿದ ಅತ್ಯಂತ ವಿವೇಕದ ಮಾತು ಅದೇ. ಮುಂಬೈನಲ್ಲಿ ಕೂತು ಬರೆಯುವ ನನ್ನಂಥವನಿಗೆ ಇದು ಇನ್ನೂ ಸ್ಪಷ್ಟ. ಐಐಟಿ ಕ್ಯಾಂಪಸ್ಸಿನ ಒಂದು ಬದಿಗೆ ವಿಹಾರ್ ಕೆರೆ, ಇನ್ನೊಂದು ಬದಿಗೆ ಪವಾಯಿ ಕೆರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕುಡಿಯುವ ನೀರಿಗೆಂದೇ ಕಟ್ಟಿದ ಪವಾಯಿ ಕೆರೆಯ ನೀರನ್ನು ಇಂದು ಯಾರೂ ಕುಡಿಯುವುದಿಲ್ಲ. ಈ ಮಹಾನಗರದ ನಲ್ಲಿಯಲ್ಲಿ ಬರುವ ನೀರಿನಲ್ಲಿ ಬಹುಪಾಲು ಭಾತ್ಸಾ, ವೈತರಣಾ ಕಣಿವೆಗಳದ್ದು, ಹತ್ತಾರು ಮೈಲಿ ಪೈಪಿನಲ್ಲಿ ಹರಿದು ಬಂದದ್ದು. ಅಲ್ಲಿನ ಆದಿವಾಸಿ ಪಾಡಾಗಳಲ್ಲಿ ಬೇಸಿಗೆಯಲ್ಲಿ ಹೆಂಗಸರು ಕೊಡ ಹೊತ್ತು ನಡೆಯುತ್ತಾರೆ. ಆ ನೀರಿಗೆ ನ್ಯಾಯಮಂಡಳಿ ಕೂರಲಿಲ್ಲ, ಏಕೆಂದರೆ ನಡುವೆ ರಾಜ್ಯದ ಗಡಿ ಇರಲಿಲ್ಲ. ಮಹದಾಯಿ ನೀರಿಗೆ ಕಾದ ಹುಬ್ಬಳ್ಳಿ–ಧಾರವಾಡಕ್ಕೆ ಆ ಗಡಿ ಅಡ್ಡ ಬಂತು, ದುರದೃಷ್ಟ ಅಷ್ಟೇ.

ಹಾಗಾದರೆ ತಕರಾರು ಏನು? ಆ ಮಾತನ್ನು ಸರ್ಕಾರದಿಂದ ಸರ್ಕಾರಕ್ಕೆ, ಅಂಕಿಯೊಂದಿಗೆ ಬರೆದಿದ್ದರೆ ಅದು ಮಾತುಕತೆಯ ಆರಂಭವಾಗುತ್ತಿತ್ತು. ಪಕ್ಷದಿಂದ ಪಕ್ಷಕ್ಕೆ ಬರೆದದ್ದರಿಂದ ಅದು ಪ್ರಚಾರದ ಕರಪತ್ರವಾಯಿತು. ಎಷ್ಟು ಟಿಎಂಸಿ ಎಂಬುದು ಅದರಲ್ಲಿ ಇರಲೇ ಇಲ್ಲ. ಗೋವಾದಲ್ಲಿ ಗದ್ದಲ ಎದ್ದಾಗ, ನ್ಯಾಯಮಂಡಳಿಯ ಮುಂದಿನ ಹೋರಾಟ ಮುಂದುವರಿಯುತ್ತದೆ ಎಂದು ಪರ್ರೀಕರ್ ಅಲ್ಲಿಯವರನ್ನು ಸಮಾಧಾನಪಡಿಸಿದರು. ಇದರಲ್ಲಿ ಅವರೊಬ್ಬರನ್ನೇ ದೂರುವಂತಿಲ್ಲ. ಕರ್ನಾಟಕದ ಕಾಂಗ್ರೆಸ್ ನೀರು ಕೇಳುತ್ತಿದ್ದಾಗ ಗೋವಾದ ಕಾಂಗ್ರೆಸ್ ಹನಿಯನ್ನೂ ಬಿಡಬಾರದು ಎನ್ನುತ್ತಿತ್ತು.

ಆ ಪತ್ರ ಬರೆದು ಎರಡೇ ತಿಂಗಳಿಗೆ ಅವರು ಆಸ್ಪತ್ರೆ ಸೇರಿದರು. ಮುಂಬೈ, ನ್ಯೂಯಾರ್ಕ್, ದೆಹಲಿ ಎಂದು ಚಿಕಿತ್ಸೆ. 2018ರ ಡಿಸೆಂಬರ್‌ನಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡೇ ಮಾಂಡವಿ ಸೇತುವೆಯ ಕಾಮಗಾರಿ ನೋಡಲು ಬಂದರು, ಜನವರಿಯಲ್ಲಿ ಬಜೆಟ್ ಮಂಡಿಸಿದರು. ಅದನ್ನು ಕರ್ತವ್ಯನಿಷ್ಠೆ ಎಂದು ಹೊಗಳಿದವರು ಬಹಳ. ಅವರಿಲ್ಲದಿದ್ದರೆ ಮೈತ್ರಿಯೇ ಬೀಳುತ್ತದೆ ಎಂಬ ಭಯದಲ್ಲಿ ರೋಗಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿದ ಪಕ್ಷದ ಬಗ್ಗೆ ಮಾತಾಡಿದವರು ಕಡಿಮೆ.

ಅವರು ಚಿಕಿತ್ಸೆಯಲ್ಲಿದ್ದಾಗಲೇ, 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು. ಅದರಲ್ಲಿ 8.02 ಜಲವಿದ್ಯುತ್ತಿಗೆ. ಮಲಪ್ರಭಾ ನದಿಯ ಕಡೆಗೆ ತಿರುಗಿಸಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18. ಅಧಿಸೂಚನೆ ಹೊರಬಿದ್ದದ್ದು 2020ರಲ್ಲಿ, ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟದ್ದು 2022ರ ಕೊನೆಯಲ್ಲಿ. ಆಮೇಲೆ ಕಡತ ಸಿಕ್ಕಿಕೊಂಡದ್ದು ವನ್ಯಜೀವಿ ಮಂಡಳಿಯ ಅನುಮತಿಯಲ್ಲಿ. ಅಷ್ಟೂ ಹೊತ್ತು ಕೇಂದ್ರದಲ್ಲಿ, ಗೋವಾದಲ್ಲಿ, ಬಹುಕಾಲ ಕರ್ನಾಟಕದಲ್ಲೂ ಅಧಿಕಾರದಲ್ಲಿದ್ದದ್ದು ಪತ್ರ ಬರೆದವರ ಪಕ್ಷವೇ.