ಬಟ್ಟೆ ಒಣಗಿಸಲು ಒಂದು, ಕೂರಲು ಒಂದು

ಚಂಡೀಗಢವನ್ನು ಕಟ್ಟಿದವರು ಯಾರು? ಸಾಮಾನ್ಯ ಜ್ಞಾನದ ಪುಸ್ತಕ ಓದಿದ ಯಾವ ವಿದ್ಯಾರ್ಥಿಯೂ ತಡವರಿಸದೆ ಲೆ ಕಾರ್ಬುಸಿಯೇ ಎಂದುಬಿಡುತ್ತಾನೆ. ಉತ್ತರ ತಪ್ಪಲ್ಲ, ಪೂರ್ತಿಯೂ ಅಲ್ಲ. 1951ರಿಂದ ಮೂರು ವರ್ಷ ಅಲ್ಲೇ ಇದ್ದು ದುಡಿದ ಇಂಗ್ಲಿಷ್ ವಾಸ್ತುಶಿಲ್ಪಿ ಮ್ಯಾಕ್ಸ್‌ವೆಲ್ ಫ್ರೈ ಅವರ ಹೆಸರು ನಮ್ಮ ಮಕ್ಕಳ ಕಿವಿಗೆ ಬಿದ್ದಿರುವುದು ಅಪರೂಪ.

ಫ್ರೈ ಹುಟ್ಟಿದ್ದು 1899ರಲ್ಲಿ, ಲಿವರ್‌ಪೂಲ್ ಸಮೀಪ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಕಂಬ, ಕಮಾನುಗಳ ಹಳೆಯ ಶಾಸ್ತ್ರೀಯ ಶೈಲಿ. ರೈಲ್ವೆ ಕಂಪನಿಯಲ್ಲಿದ್ದಾಗ ಮಾರ್ಗೇಟ್ ನಿಲ್ದಾಣವನ್ನು ಅದೇ ಶೈಲಿಯಲ್ಲಿ ರೂಪಿಸಿದರು. ಮುಂದೆ ನಗರ ಯೋಜಕರ ಸಂಸ್ಥೆಯೊಂದರಲ್ಲಿ ಪಾಲುದಾರಿಕೆಯೂ ಸಿಕ್ಕಿತು. ಆದರೂ ಮೂವತ್ತರ ಆಸುಪಾಸಿನಲ್ಲಿ ಕಲಿತದ್ದನ್ನೆಲ್ಲ ಬದಿಗಿಟ್ಟು ಕಾಂಕ್ರೀಟು, ಉಕ್ಕು, ಅಗಲ ಕಿಟಕಿಗಳ ಹೊಸ ದಾರಿ ಹಿಡಿದರು. ಇಪ್ಪತ್ತೆರಡಕ್ಕೇ ಮಕ್ಕಳ ದಾರಿ ಗಟ್ಟಿಯಾಗಬೇಕೆನ್ನುವ ತಂದೆತಾಯಿಯರಿಗೆ ಇದು ರುಚಿಸಲಿಕ್ಕಿಲ್ಲ!

ಅವರ ಮನಸ್ಸು ತಿಳಿಯಬೇಕಾದರೆ ಲಂಡನ್ನಿನ ಕೆನ್ಸಲ್ ಹೌಸ್ ನೋಡಬೇಕು. ಗ್ಯಾಸ್ ಕಂಪನಿಯೊಂದು ಕಾರ್ಮಿಕ ಕುಟುಂಬಗಳಿಗಾಗಿ ಕಟ್ಟಿಸಿದ 68 ಮನೆಗಳು, 1937ರಲ್ಲಿ ಸಿದ್ಧವಾದವು. ವಸತಿ ತಜ್ಞೆ ಎಲಿಜಬೆತ್ ಡೆನ್ಬಿ ಜೊತೆಗಿದ್ದರು. ಪ್ರತಿ ಮನೆಗೂ ಎರಡು ಬಾಲ್ಕನಿ: ಬಟ್ಟೆ ಒಣಗಿಸಲು ಒಂದು, ಕೂತು ಗಾಳಿ ಬೆಳಕು ಸವಿಯಲು ಇನ್ನೊಂದು. ಮೊದಲು ಗ್ಯಾಸ್ ಟ್ಯಾಂಕ್ ನಿಂತಿದ್ದ ದುಂಡನೆಯ ಜಾಗದಲ್ಲಿ ಶಿಶುವಿಹಾರ. ಬಡವರ ಮನೆಗೆ ಇಷ್ಟು ತಲೆ ಕೆಡಿಸಿಕೊಂಡವರು ಎಷ್ಟು ಮಂದಿ?

ಹಿಟ್ಲರನ ಜರ್ಮನಿ ಬಿಟ್ಟು 1934ರಲ್ಲಿ ಬಂದ ವಾಲ್ಟರ್ ಗ್ರೋಪಿಯಸ್ ಅವರನ್ನು ಫ್ರೈ ಪಾಲುದಾರರನ್ನಾಗಿ ಮಾಡಿಕೊಂಡರು. ಕೇಂಬ್ರಿಜ್ ಬಳಿಯ ಇಂಪಿಂಗ್ಟನ್ನಿಗೆ ಇಬ್ಬರೂ ಸೇರಿ ಶಾಲೆಯೊಂದನ್ನು ರೂಪಿಸಿದರು. ಹಗಲು ಮಕ್ಕಳಿಗೆ, ಸಂಜೆ ಸುತ್ತಲ ಹಳ್ಳಿಗಳ ದೊಡ್ಡವರಿಗೆ. 1937ರಲ್ಲಿ ಗ್ರೋಪಿಯಸ್ ಅಮೆರಿಕಕ್ಕೆ ಹೊರಟರು. ನಿಂತು ಕೆಲಸ ಮುಗಿಸಿದ್ದು ಫ್ರೈ. ಪುಸ್ತಕಗಳಲ್ಲಿ ಮೊದಲು ಬರುವುದು ಮಾತ್ರ ಗ್ರೋಪಿಯಸ್ ಹೆಸರು.

ಚಂಡೀಗಢದಲ್ಲೂ ಅಷ್ಟೇ. ಪಂಜಾಬ್ ಸರ್ಕಾರದ ಅಧಿಕಾರಿಗಳು ವಾಸ್ತುಶಿಲ್ಪಿಗಳನ್ನು ಹುಡುಕುತ್ತ ಯುರೋಪಿಗೆ ಹೋದಾಗ, ಕಾರ್ಬುಸಿಯೇ ಹೆಸರು ಸೂಚಿಸಿದವರಲ್ಲಿ ಫ್ರೈ ಮತ್ತು ಅವರ ಪತ್ನಿ ಜೇನ್ ಡ್ರೂ ಕೂಡ ಇದ್ದರು. ಹೈಕೋರ್ಟು, ಸಚಿವಾಲಯದಂಥ ಭವ್ಯ ಕಟ್ಟಡಗಳು ಕಾರ್ಬುಸಿಯೇ ಪಾಲಾದವು. ಮನೆ, ಶಾಲೆ, ಅಂಗಡಿಗಳ ದಿನನಿತ್ಯದ ಹೊರೆ ಈ ದಂಪತಿ ಮತ್ತು ಪಿಯರ್ ಜೆನರೆ ಅವರ ಹೆಗಲಿಗೆ. ಸುಡುವ ಬಿಸಿಲು, ಬಿಗಿ ಕೈಯ ಖಜಾನೆ, ಅಗ್ಗಕ್ಕೆ ಸಿಗುವ ಇಟ್ಟಿಗೆ. ಇಷ್ಟರಲ್ಲೇ ಸರ್ಕಾರಿ ಜವಾನನ ಸಂಸಾರಕ್ಕೂ ಎರಡು ಕೋಣೆ, ಅಡುಗೆಮನೆ, ಬಚ್ಚಲು, ಶೌಚಾಲಯ, ಅಂಗಳ ಒದಗಿಸಿದರು.

ಬ್ರಿಟನ್ನಿನ ವಾಸ್ತುಶಿಲ್ಪಿಗಳ ರಾಯಲ್ ಸಂಸ್ಥೆ 1964ರಲ್ಲಿ ಫ್ರೈ ಅವರಿಗೆ ತನ್ನ ಚಿನ್ನದ ಪದಕ ನೀಡಿತು. ಅವರು 1987ರಲ್ಲಿ ತೀರಿಕೊಂಡರು. ಕೆನ್ಸಲ್ ಹೌಸಿನಲ್ಲಿ ಇಂದಿಗೂ ಸಂಸಾರಗಳು ವಾಸವಾಗಿವೆ.