ಹತ್ತು ನೀರಿನ ಚಹಾ

ಮನೆಯಲ್ಲಿ ಫಿಲ್ಟರ್ ಕಾಫಿ ಮಾಡುವವರಿಗೆ ಒಂದು ಲೆಕ್ಕ ಗೊತ್ತು. ಮೊದಲು ಇಳಿಯುವ ಡಿಕಾಕ್ಷನ್ ಗಟ್ಟಿ. ಅದೇ ಪುಡಿಗೆ ಮತ್ತೆ ನೀರು ಹೊಯ್ದರೆ ಇಳಿಯುವ ಎರಡನೆಯದು ತೆಳು. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಚಹಾದಲ್ಲಂತೂ ಎರಡನೆಯದರ ಮಾತೇ ಇಲ್ಲ. ಪುಡಿಯನ್ನು ಕುದಿಸಿ, ಹಾಲು ಸಕ್ಕರೆ ಬೆರೆಸಿ, ಸೋಸಿದ ಮೇಲೆ ಉಳಿದ ಚರಟ ಹೂವಿನ ಗಿಡದ ಬುಡಕ್ಕೆ ಹೋಗುತ್ತದೆ.

ಚೀನಾದ ನೈಋತ್ಯ ಮೂಲೆಯಲ್ಲಿರುವ ಯುನ್ನಾನ್ ಪ್ರಾಂತ್ಯದಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿಯ ಪು-ಅರ್ ಎಂಬ ಚಹಾದ ಎಲೆಗೆ ಹತ್ತು, ಹನ್ನೆರಡು ಸಲ ನೀರು ಹೊಯ್ಯುತ್ತಾರೆ. ಪ್ರತಿ ಸಲವೂ ಪುಟ್ಟ ಬಟ್ಟಲಿನಲ್ಲಿ ರುಚಿ ನೋಡುತ್ತಾರೆ. ಮೊದಲ ಗುಟುಕಿಗೇ ಚಹಾ ಒಳ್ಳೆಯದೆಂದೋ ಕೆಟ್ಟದ್ದೆಂದೋ ತೀರ್ಪು ಕೊಡುವವನನ್ನು ಬಲ್ಲವರು ಗಂಭೀರವಾಗಿ ಪರಿಗಣಿಸುವುದಿಲ್ಲ. ಇದರ ಹಿಂದೆ ಬರಿಯ ಶಿಷ್ಟಾಚಾರವಿಲ್ಲ, ಕಾರಣವಿದೆ. ಆ ಕಾರಣ ಅರ್ಥವಾಗಬೇಕಾದರೆ ಈ ಚಹಾ ತಯಾರಾಗುವ ಬಗೆಯನ್ನು ತಿಳಿಯಬೇಕು.

ಎಲೆಯಿಂದ ಬಿಲ್ಲೆಗೆ

ಪು-ಅರ್ ಚಹಾಕ್ಕೆ ಬಳಸುವುದು ಅಗಲ ಎಲೆಯ ತಳಿ. ಸಸ್ಯಶಾಸ್ತ್ರಜ್ಞರು ಇದನ್ನು ಅಸ್ಸಾಮಿಕಾ ಎಂದು ಕರೆಯುತ್ತಾರೆ. ಅಸ್ಸಾಮಿನ ತೋಟಗಳಲ್ಲಿ ಬೆಳೆಯುವುದೂ ಇದೇ ತಳಿ. ಯುನ್ನಾನಿನ ಕೆಲವು ಬೆಟ್ಟಗಳಲ್ಲಿ ಇದು ಸಾಲುಗಿಡವಾಗಿ ಅಲ್ಲ, ಕಾಡಿನ ನೆರಳಿನಲ್ಲಿ ಮರವಾಗಿ ಬೆಳೆದಿದೆ. ಜಿಂಗ್‌ಮೈ ಬೆಟ್ಟದ ಇಂಥ ಹಳೆಯ ಚಹಾ ಕಾಡುಗಳನ್ನು ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ಲಾಂಗ್ ಮತ್ತು ದಾಯ್ ಎಂಬ ಬುಡಕಟ್ಟುಗಳ ಜನ ಸುಮಾರು ಸಾವಿರ ವರ್ಷಗಳಿಂದ ಇವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಕಿತ್ತ ಎಲೆಯನ್ನು ಹರಡಿ ಸ್ವಲ್ಪ ಬಾಡಿಸುತ್ತಾರೆ. ಬಳಿಕ ದೊಡ್ಡ ಬಾಣಲೆಯಲ್ಲಿ ಕೈಯಾಡಿಸುತ್ತ ಹುರಿಯುತ್ತಾರೆ. ಎಲೆಯನ್ನು ಕಪ್ಪಗಾಗಿಸುವ ಕಿಣ್ವಗಳ ಬಲ ಈ ಬಿಸಿಗೆ ಕುಗ್ಗುತ್ತದೆ. ಆಮೇಲೆ ಹೊಸಕಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಒಣಗಿದ ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಬಟ್ಟೆಯ ಚೀಲದಲ್ಲಿ ತುಂಬಿ, ಕಲ್ಲಿನ ಅಚ್ಚಿನಡಿ ಒತ್ತಿದರೆ ತಟ್ಟೆಯಾಕಾರದ ಬಿಲ್ಲೆ ಸಿದ್ಧ. ಒಂದು ಬಿಲ್ಲೆಯ ರೂಢಿಯ ತೂಕ 357 ಗ್ರಾಂ. ಏಳು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಬಿದಿರಿನ ಹಾಳೆಯಲ್ಲಿ ಕಟ್ಟುತ್ತಾರೆ. ಗುಣಿಸಿ ನೋಡಿದರೆ 2,499 ಗ್ರಾಂ, ಎರಡೂವರೆ ಕಿಲೋಗ್ರಾಮಿಗೆ ಒಂದೇ ಗ್ರಾಂ ಕಡಿಮೆ! ಹಿಂದೆ ಕುದುರೆ, ಹೇಸರಗತ್ತೆಗಳ ಬೆನ್ನ ಮೇಲೆ ಬೆಟ್ಟ ಹತ್ತಿಸಿ ಟಿಬೆಟ್‌ವರೆಗೆ ಚಹಾ ಸಾಗಿಸುತ್ತಿದ್ದರು. ಸಡಿಲ ಎಲೆಗಿಂತ ಒತ್ತಿದ ಎಲೆ ಆ ದಾರಿಗೆ ಅನುಕೂಲವಾಗಿತ್ತು.

ಪು-ಅರ್‌ನಲ್ಲಿ ಎರಡು ಬಗೆ. ಮೇಲೆ ಹೇಳಿದ್ದು ‘ಶೆಂಗ್’, ಅಂದರೆ ಹಸಿ ಬಗೆ. ಇದು ಬಿಲ್ಲೆಯಾದ ಮೇಲೂ ಬದಲಾಗುತ್ತಲೇ ಇರುತ್ತದೆ. ಗಾಳಿಯ ಆಮ್ಲಜನಕ, ತೇವ ಮತ್ತು ಸೂಕ್ಷ್ಮಜೀವಿಗಳು ವರ್ಷಗಟ್ಟಲೆ ನಿಧಾನವಾಗಿ ಕೆಲಸ ಮಾಡಿ ಎಲೆಯನ್ನು ಕಂದುಬಣ್ಣಕ್ಕೆ, ರುಚಿಯನ್ನು ಮೃದುತ್ವಕ್ಕೆ ತಿರುಗಿಸುತ್ತವೆ. ಹಾಂಗ್‌ಕಾಂಗಿನಂಥ ಸೆಕೆಯ ಊರಿನಲ್ಲಿ ಈ ಬದಲಾವಣೆ ಬೇಗ. ಕುನ್‌ಮಿಂಗ್‌ನಂಥ ಒಣ ಹವೆಯಲ್ಲಿ ತಡ. ಅಷ್ಟು ವರ್ಷ ಕಾಯಲಾಗದವರಿಗಾಗಿ 1973ರಲ್ಲಿ ಕುನ್‌ಮಿಂಗ್ ಚಹಾ ಕಾರ್ಖಾನೆಯಲ್ಲಿ ಇನ್ನೊಂದು ವಿಧಾನ ರೂಪುಗೊಂಡಿತು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಒಂದೂವರೆ ಎರಡು ತಿಂಗಳಲ್ಲಿ ಕಳಿಸುವ ಬಗೆ ಅದು. ಅದರ ಹೆಸರು ‘ಶೋ’, ಅಂದರೆ ಮಾಗಿದ್ದು.

ನೀರಿನಿಂದ ನೀರಿಗೆ

ಈಗ ಎಳೆಯ ಹಸಿ ಪು-ಅರ್‌ನ ರುಚಿ ನೋಡುವ ಕ್ರಮಕ್ಕೆ ಬರಬಹುದು. ಎಳೆಯದೆಂದರೆ ಬಿಲ್ಲೆಯಾಗಿ ಒಂದೆರಡು ವರ್ಷವಷ್ಟೇ ಕಳೆದದ್ದು. ಮುಚ್ಚಳವಿರುವ ಪಿಂಗಾಣಿ ಬಟ್ಟಲಿಗೆ ಸುಮಾರು 7 ಗ್ರಾಂ ಎಲೆ. ಬಟ್ಟಲಿನಲ್ಲಿ ಹಿಡಿಯುವ ನೀರು 100 ಮಿಲಿಲೀಟರ್‌ನಷ್ಟು. ಹಾಲಿಲ್ಲ, ಸಕ್ಕರೆಯಿಲ್ಲ. ಕುದಿಯುವ ನೀರನ್ನು ಒಮ್ಮೆ ಹೊಯ್ದು ಕೂಡಲೇ ಚೆಲ್ಲುತ್ತಾರೆ. ಇದು ಎಲೆಯನ್ನು ತೊಳೆದು ಎಬ್ಬಿಸುವ ನೀರು, ಲೆಕ್ಕಕ್ಕಿಲ್ಲ.

ಮೊದಲ ನೀರು ಎಲೆಯ ಮೇಲೆ ನಿಲ್ಲುವುದು ಐದರಿಂದ ಹತ್ತು ಸೆಕೆಂಡು ಮಾತ್ರ. ಬಣ್ಣ ತಿಳಿಹಳದಿ, ವಾಸನೆ ಹಸಿ ಹುಲ್ಲು, ಕಾಡುಹೂವುಗಳದು. ಒತ್ತಿದ ಎಲೆ ಇನ್ನೂ ಬಿಚ್ಚಿಕೊಂಡಿರುವುದಿಲ್ಲ. ಹಾಗಾಗಿ ರುಚಿ ತೆಳು. ಎರಡನೆಯ, ಮೂರನೆಯ ನೀರಿನ ಹೊತ್ತಿಗೆ ಎಲೆ ಅರಳುತ್ತದೆ, ಕಹಿ ಏರುತ್ತದೆ. ಕಹಿಯ ಜೊತೆಗೆ ಒಗರು. ಬಲಿಯದ ಬಾಳೆಕಾಯಿ ಕಚ್ಚಿದಾಗ ನಾಲಿಗೆ ದೊರಗಾಗುತ್ತದಲ್ಲ, ಅದೇ ಅನುಭವ. ಹೊಸಬರು ಮುಖ ಸಿಂಡರಿಸಿ ಬಟ್ಟಲು ಕೆಳಗಿಡುವುದು ಇಲ್ಲಿಯೇ.

ಅನುಭವಿಗಳು ಮುಂದುವರಿಯುತ್ತಾರೆ. ನಾಲ್ಕು, ಐದನೆಯ ನೀರಿನಲ್ಲಿ ಕಹಿ ಇಳಿಮುಖವಾಗುತ್ತದೆ. ನುಂಗಿ ಒಂದೆರಡು ನಿಮಿಷವಾದ ಮೇಲೆ ಗಂಟಲಿನ ಕಡೆಯಿಂದ ಒಂದು ಸಿಹಿ ಮೇಲೇರಿ ಬರುತ್ತದೆ. ಇದಕ್ಕೆ ಚೀನೀಯರ ಹೆಸರು ‘ಹ್ವೇಗಾನ್’, ಮರಳಿ ಬರುವ ಸಿಹಿ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಟ್ಟದ ನೆಲ್ಲಿಕಾಯಿ ತಿಂದು ನೀರು ಕುಡಿದ ಮಕ್ಕಳಿಗೆಲ್ಲ ಅದು ಗೊತ್ತು. ಯುನ್ನಾನಿನಲ್ಲೂ ಅದೇ ನೆಲ್ಲಿಕಾಯಿ ಬೆಳೆಯುತ್ತದೆ. ಚೀನೀ ಭಾಷೆಯಲ್ಲಿ ಅದರ ಹೆಸರು ‘ಯೂಗಾನ್‌ಜಿ’, ಸಿಹಿ ಉಳಿಸುವ ಕಾಯಿ. ಅಲ್ಲಿಯ ಹಳೆಯ ವೈದ್ಯಗ್ರಂಥಗಳಲ್ಲಿ ಅದಕ್ಕೆ ‘ಆನ್‌ಮೋಲೆ’ ಎಂಬ ಇನ್ನೊಂದು ಹೆಸರಿದೆ. ಅದು ಸಂಸ್ಕೃತದ ‘ಆಮಲಕ’ವೇ ಚೀನೀ ನಾಲಿಗೆಯಲ್ಲಿ ಪಡೆದ ರೂಪ.

ಆರರಿಂದ ಎಂಟನೆಯ ನೀರಿನವರೆಗೆ ರುಚಿ ಹದವಾಗಿ, ದುಂಡಗೆ ಇರುತ್ತದೆ. ಇಲ್ಲಿಂದ ಮುಂದೆ ನೀರನ್ನು ಅರ್ಧ ನಿಮಿಷ, ಒಂದು ನಿಮಿಷ, ಆಮೇಲೆ ಇನ್ನೂ ಹೆಚ್ಚು ಹೊತ್ತು ನಿಲ್ಲಿಸಬೇಕು. ಹತ್ತು, ಹನ್ನೆರಡನೆಯದು ಸಿಹಿ ಬೆರೆತ ನೀರಿನಂತೆ. ಕೊನೆಗೆ ನೆನೆದ ಎಲೆಯನ್ನು ತಟ್ಟೆಯಲ್ಲಿ ಹರಡಿ ನೋಡುತ್ತಾರೆ. ಎಲೆ ಇಡಿಯಾಗಿದೆಯೇ? ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಾಗುತ್ತದೆಯೇ? ಬಾಣಲೆಯಲ್ಲಿ ಸುಟ್ಟ ಕಲೆಗಳಿವೆಯೇ?

ರುಚಿ ಬದಲಾಗುವುದೇಕೆ?

ಎಲೆಯಲ್ಲಿ ಕೆಫೀನ್, ಕ್ಯಾಟೆಕಿನ್ ಮತ್ತು ಥಿಯನೀನ್ ಎಂಬ ಅಮೈನೋ ಆಮ್ಲ ಇವೆ. ಕೆಫೀನ್, ಕ್ಯಾಟೆಕಿನ್‌ಗಳಿಂದ ಕಹಿ. ಕ್ಯಾಟೆಕಿನ್‌ಗಳು ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಸಿಯುತ್ತವೆ. ಅದೇ ಒಗರು. ಷಡ್ರಸಗಳಲ್ಲಿ ಒಗರನ್ನೂ ಸೇರಿಸಿ ಎಣಿಸುವುದು ಈ ನಾಡಿನ ರೂಢಿ. ಶರೀರಶಾಸ್ತ್ರದ ಪ್ರಕಾರ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಹೊಸಕಿದಾಗ ಒಡೆದ ಜೀವಕೋಶಗಳಿಂದ ರಸ ಬೇಗ ಹೊರಬರುತ್ತದೆ. ಎಲೆಯ ಒಳಗಿನದು ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಪ್ರತಿ ಬಟ್ಟಲಿನಲ್ಲೂ ಇವುಗಳ ಪ್ರಮಾಣ ಬೇರೆ ಬೇರೆ.

ಅಡುಗೆಮನೆಯ ಡಬ್ಬಿಯಲ್ಲಿರುವ ಸಿ.ಟಿ.ಸಿ. ಚಹಾ ಹೀಗೆ ಮಾಡಲಾರದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಆ ಯಂತ್ರ ಎಲೆಯನ್ನು ಹಿಂಡಿ, ಹರಿದು, ಸಣ್ಣ ಕಾಳಾಗಿಸುತ್ತದೆ. ಕಾಳು ಸಣ್ಣದಾದಷ್ಟೂ ನೀರಿಗೆ ಸಿಗುವ ಮೇಲ್ಮೈ ಹೆಚ್ಚು. ಇರುವುದೆಲ್ಲ ಒಂದೇ ಕುದಿಗೆ ಹೊರಬರುತ್ತದೆ. ಹಾಲು ಹಾಕಿ ಕುಡಿಯುವವರಿಗೆ ಬೇಕಾದದ್ದೂ ಅದೇ.

ಕೊಳ್ಳುವವನ ಕಷ್ಟ

ಇಷ್ಟೆಲ್ಲ ತಾಳ್ಮೆಯಿಂದ ರುಚಿ ನೋಡುವುದು ಬರಿಯ ಶೋಕಿಯಲ್ಲ. ಎಳೆಯ ಬಿಲ್ಲೆಯನ್ನು ಕೂಡಿಡಲು ಕೊಳ್ಳುವವನು ಇಂದಿನ ರುಚಿಗೆ ಹಣ ಕೊಡುತ್ತಿಲ್ಲ. ಹತ್ತು, ಹದಿನೈದು ವರ್ಷಗಳ ನಂತರದ ರುಚಿಗೆ ಕೊಡುತ್ತಿದ್ದಾನೆ. ಆ ರುಚಿಯನ್ನು ಯಾರೂ ಈಗ ನೋಡಲಾರರು. ಇರುವ ಸುಳಿವುಗಳಿಂದ ಊಹಿಸಬೇಕು.

ಕಹಿ ಇದೆ ಎಂಬುದು ದೋಷವಲ್ಲ. ಬುಲಾಂಗ್ ಬೆಟ್ಟದ ಕೆಲವು ಹಳ್ಳಿಗಳ ಚಹಾ ತೀವ್ರ ಕಹಿಗೇ ಹೆಸರುವಾಸಿ. ಇವು ಎಂಬಲ್ಲಿಯದು ಮೃದು. ಬಲ್ಲವರು ನೋಡುವುದು ಆ ಕಹಿ ಕರಗುತ್ತದೆಯೇ, ನಾಲಿಗೆಗೆ ಅಂಟಿ ಕೂರುತ್ತದೆಯೇ ಎಂಬುದನ್ನು. ಐದನೆಯ ನೀರಿಗೇ ಸಪ್ಪೆಯಾಯಿತೇ, ಹತ್ತನೆಯದರಲ್ಲೂ ಏನಾದರೂ ಉಳಿದಿದೆಯೇ ಎಂಬುದನ್ನು. ಕೆಲವರು ಬೇಕೆಂದೇ ಒಮ್ಮೆ ನೀರನ್ನು ಬಹಳ ಹೊತ್ತು ನಿಲ್ಲಿಸುತ್ತಾರೆ. ಬೇಗ ಸೋಸಿದಾಗ ಅಡಗಿದ್ದ ಹೊಗೆವಾಸನೆ, ಸುಟ್ಟ ರುಚಿ ಆಗ ಹೊರಬೀಳುತ್ತವೆ.

ಇನ್ನೊಂದು ವಿಚಿತ್ರವೂ ಇದೆ. ಬಾಣಲೆಯಲ್ಲಿ ಹೆಚ್ಚು ಬಿಸಿ ಕೊಟ್ಟು, ಹಸಿರು ಚಹಾದಂತೆ ತಯಾರಿಸಿದ ಬಿಲ್ಲೆ ಮೊದಲ ದಿನವೇ ಪರಿಮಳಿಸುತ್ತದೆ, ಸಿಹಿಯಾಗಿರುತ್ತದೆ, ಎಲ್ಲರ ಮೆಚ್ಚುಗೆ ಪಡೆಯುತ್ತದೆ. ಅಂಥದ್ದು ವರ್ಷ ಕಳೆದಂತೆ ಮಾಗುವ ಬದಲು ಮಂಕಾಗುತ್ತದೆ ಎಂಬುದು ಅನುಭವಿಗಳ ಮಾತು. ಹಾಗೆಂದು ಕಹಿಯಾದದ್ದೆಲ್ಲ ಮುಂದೆ ಸಿಹಿಯಾಗುತ್ತದೆಂದೂ ಅಲ್ಲ. ಕಳಪೆ ಎಲೆ ಇಪ್ಪತ್ತು ವರ್ಷ ಇಟ್ಟರೂ ಹಳೆಯ ಕಳಪೆ ಎಲೆಯೇ. ಒಳ್ಳೆಯ ಎಲೆಯೂ ತೇವದ ಮೂಲೆಯಲ್ಲಿ ಬೂಷ್ಟು ಹಿಡಿದರೆ ಮುಗಿಯಿತು.

ನಾಲಿಗೆಯನ್ನು ಬಿಟ್ಟು ಕಿವಿಯನ್ನು ನಂಬಿದವರ ಗತಿಯೂ ದಾಖಲಾಗಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಪು-ಅರ್ ಇಟ್ಟಷ್ಟೂ ಬೆಲೆ ಏರುತ್ತದೆಂಬ ಮಾತು ಚೀನಾದಲ್ಲೆಲ್ಲ ಹಬ್ಬಿತು. ಚಹಾದ ಪರಿಚಯವೇ ಇಲ್ಲದವರೂ ಉಳಿತಾಯದ ಹಣದಲ್ಲಿ ಬಿಲ್ಲೆಗಳನ್ನು ಕೊಂಡು ಪೇರಿಸಿದರು. ಸಿಮಾವೊ ನಗರ ತನ್ನ ಹೆಸರನ್ನೇ ಪು-ಅರ್ ಎಂದು ಬದಲಿಸಿಕೊಂಡದ್ದು 2007ರಲ್ಲಿ. ಅದೇ ವರ್ಷ ಬೆಲೆ ಕುಸಿದು ಅನೇಕರು ನಷ್ಟಕ್ಕೊಳಗಾದರು.

ಮನೆಯಲ್ಲಿ ಮಾಡಿ ನೋಡಲು

ಪು-ಅರ್ ಇಲ್ಲದೆಯೂ ಈ ಪ್ರಯೋಗ ಸಾಧ್ಯ. ಡಾರ್ಜಿಲಿಂಗ್ ಅಥವಾ ನೀಲಗಿರಿಯ ಇಡೀ ಎಲೆಯ ಚಹಾ ಎರಡು ಚಮಚ, ಒಂದು ಸಣ್ಣ ಲೋಟ, ಒಂದು ಗಡಿಯಾರ ಸಾಕು. ಹದಿನೈದು ಸೆಕೆಂಡು, ಅರ್ಧ ನಿಮಿಷ, ಒಂದು ನಿಮಿಷ, ಎರಡು ನಿಮಿಷ, ಹೀಗೆ ನಾಲ್ಕು ನೀರು. ಪ್ರತಿಯೊಂದಕ್ಕೂ ನೋಟ್‌ಪುಸ್ತಕದಲ್ಲಿ ಒಂದೊಂದು ಸಾಲು: ಬಣ್ಣ, ವಾಸನೆ, ಕಹಿ, ಒಗರು, ನುಂಗಿದ ಮೇಲೆ ಉಳಿದದ್ದು. ಪಕ್ಕದಲ್ಲಿ ಅದೇ ತೂಕದ ಚಹಾ ಪುಡಿಯನ್ನಿಟ್ಟು ಹೋಲಿಸಿದರೆ ಮೇಲ್ಮೈಯ ಪಾಠವೂ ಆಗುತ್ತದೆ. ಗುಟುಕು ಸಣ್ಣದಿರಲಿ. ಹೊಟ್ಟೆ ಖಾಲಿಯಿರಬಾರದು, ಸಂಜೆಯ ನಂತರ ಬೇಡ, ಕೆಫೀನ್ ನಿದ್ದೆಗೆಡಿಸುತ್ತದೆ. ಚಿಕ್ಕ ಮಕ್ಕಳಿಗೆ ಚಹಾದ ಬದಲು ನೆಲ್ಲಿಕಾಯಿ ಮತ್ತು ನೀರಿನಲ್ಲೇ ಪ್ರಯೋಗ ಮಾಡಿಸಬಹುದು.

ತಂದೆ ತಾಯಿ, ಮಕ್ಕಳು ಒಟ್ಟಿಗೆ ಕುಳಿತು, ಒಬ್ಬರದನ್ನೊಬ್ಬರು ನೋಡದೆ ಬರೆದರೆ ಇನ್ನೂ ಚೆನ್ನ. ನಾಲ್ಕೂ ಸಾಲು ಮುಗಿದ ಮೇಲೆ ಹಾಳೆಗಳನ್ನು ಬದಲಿಸಿಕೊಂಡು ಓದಬೇಕು. ಮೊದಲ ಸಾಲಿನಲ್ಲೇ ‘ಚೆನ್ನಾಗಿಲ್ಲ’ ಎಂದು ಬರೆದವರು ಯಾರು, ನಾಲ್ಕನೆಯ ಸಾಲಿನವರೆಗೆ ಕಾದವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ. ಅಂಕಪಟ್ಟಿ ಮನೆಗೆ ಬರುವ ದಿನಗಳಲ್ಲಿ ಆ ಹಾಳೆಗಳನ್ನು ದೊಡ್ಡವರು ಇನ್ನೊಮ್ಮೆ ತೆಗೆದು ನೋಡಬಹುದು.